ಸೊಳ್ಳೆ ನಿಯಂತ್ರಣದ ಗುತ್ತಿಗೆ: ಕಾಂಪೌಂಡಿನ ಒಳಗೆ ಮಾತ್ರ

ಕದ್ರಿಯ ನಮ್ಮ ಫ್ಲಾಟ್ ಮಾಲೀಕರ ಸಂಘವು ಮಳೆಗಾಲದ ಮಟ್ಟಿಗೆ ಸೊಳ್ಳೆ ನಿಯಂತ್ರಣವನ್ನು ಮಂಗಳೂರಿನದೇ ಒಂದು ಖಾಸಗಿ ಸಂಸ್ಥೆಗೆ ಒಪ್ಪಿಸಿತ್ತು. ವಾರಕ್ಕೊಮ್ಮೆ ನೀರಿನ ತಪಾಸಣೆ, ತಿಂಗಳಿಗೆರಡು ಬಾರಿ ಫಾಗಿಂಗ್ ಎಂಬುದು ಒಪ್ಪಂದ.

ತಪಾಸಣೆಯಲ್ಲಿ ಕೊರತೆ ಹುಡುಕುವುದು ಕಷ್ಟ. ಬಂದ ಯುವಕ ನೇರ ತಾರಸಿಗೆ ಹೋಗಿ, ಮುಚ್ಚಳ ಭದ್ರವಾಗಿದ್ದ ಟ್ಯಾಂಕನ್ನೂ ತೆರೆಸಿ, ಬಿಳಿ ಸೌಟಿನಲ್ಲಿ ನೀರು ಮೊಗೆದು ಟಾರ್ಚ್ ಹಿಡಿದ. ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಅಡ್ಡಲಾಗಿ ಮಲಗಿದ್ದವು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಲಾರ್ವಾಗಳು, ಅಂದರೆ ಮರಿಹುಳುಗಳು. ಡೆಂಗಿಯ ಈಡಿಸ್ ಆಗಿದ್ದರೆ ತಲೆಕೆಳಗಾಗಿ ತೂಗುತ್ತಿದ್ದವು. ಬಲೆ ಕಟ್ಟದ ಓವರ್‌ಫ್ಲೋ ಪೈಪಿನ ಬಾಯಿಂದ ಸೊಳ್ಳೆ ಒಳಹೊಕ್ಕಿತ್ತು. ನಮ್ಮ ನಗರದ ಮಲೇರಿಯಾಕ್ಕೆ ಮುಖ್ಯ ಕಾರಣವಾದ ಅನಾಫಿಲಿಸ್ ಸ್ಟೀಫೆನ್ಸಿ ಚರಂಡಿಯ ಕೊಳಕಿಗಿಂತ ಟ್ಯಾಂಕು, ಬಾವಿಗಳ ತಿಳಿನೀರನ್ನೇ ಬಯಸುವುದರಿಂದ, ಅಂಗಳ ಗುಡಿಸಿದರೆ ಸಾಕೆಂದು ನಂಬಿದ್ದ ನಮ್ಮ ಸದಸ್ಯರಿಗೆ ಈ ಸೌಟು ಯಾವ ಭಾಷಣಕ್ಕಿಂತಲೂ ಹೆಚ್ಚು ತಿಳಿಸಿತು. ಮೊಟ್ಟೆ ಸೊಳ್ಳೆಯಾಗಲು ವಾರಕ್ಕಿಂತ ತುಸು ಹೆಚ್ಚು ಸಮಯ ಬೇಕಾಗುವುದರಿಂದ ವಾರದ ಭೇಟಿಯೂ ಅರ್ಥಪೂರ್ಣ.

ಫಾಗಿಂಗ್ ಮಾತ್ರ ದುಬಾರಿ ಪ್ರದರ್ಶನ. ಹೊಗೆಗೆ ಸಾಯುವುದು ಆ ಹೊತ್ತು ಹಾರಾಡುವ ಸೊಳ್ಳೆ. ಲಾರ್ವಾ ನೀರಿನಲ್ಲಿ ಕ್ಷೇಮವಾಗಿರುತ್ತದೆ. ಆದರೂ ಸದಸ್ಯರಿಗೆ ಅತ್ಯಂತ ತೃಪ್ತಿ ಕೊಟ್ಟದ್ದು ಅದೇ!

ನನ್ನ ನಿಜವಾದ ತಕರಾರು ಕಾಂಪೌಂಡ್ ಗೋಡೆಯದು. ಆಚೆ ಕಟ್ಟಡವೊಂದು ಏಳುತ್ತಿದ್ದು, ಲಿಫ್ಟ್ ಗುಂಡಿಯಲ್ಲಿಯೂ ಕಾಂಕ್ರೀಟ್ ಗಟ್ಟಿಯಾಗಲೆಂದು ಕ್ಯೂರಿಂಗಿಗೆ ನಿಲ್ಲಿಸಿದ ನೀರಿನಲ್ಲಿಯೂ ಅದೇ ಲಾರ್ವಾಗಳಿವೆ, ಪಕ್ಕದ ತಗಡಿನ ಶೆಡ್ಡುಗಳಲ್ಲಿ ಊರು ಬಿಟ್ಟು ಬಂದ ಕಾರ್ಮಿಕರು ಸೊಳ್ಳೆಪರದೆಯಿಲ್ಲದೆ ಮಲಗುತ್ತಾರೆ. ಇಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು ಮತ್ತೆ ಜ್ವರ ತರಿಸಬಲ್ಲದಾದ್ದರಿಂದ ಅದನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ಮಾತ್ರೆ ನುಂಗಬೇಕು. ಜ್ವರ ಇಳಿದ ಕೂಡಲೇ ಕೆಲಸಕ್ಕೆ ಹೋಗದಿದ್ದರೆ ಕೂಲಿ ಸಿಗದವನು, ನಡುವೆ ಬೇರೆ ಸೈಟಿಗೆ ಕಳುಹಿಸಲ್ಪಟ್ಟವನು ಅದನ್ನು ಪೂರ್ತಿಗೊಳಿಸುವುದು ಹೇಗೆ? ಆ ನೀರನ್ನೂ ನೋಡಿರೆಂದು ಕೇಳಿದಾಗ ಸಂಸ್ಥೆಯವರು ಒಪ್ಪಂದದ ಪ್ರತಿ ತೋರಿಸಿದರು. ದರ ಫ್ಲಾಟಿಗಿಷ್ಟು ಎಂದಿದೆ. ಫ್ಲಾಟು ಕಟ್ಟುತ್ತಿರುವವರಿಗೆ ಅದರಲ್ಲಿ ಕಾಲಮ್ಮೇ ಇಲ್ಲ.

ಫಾಗಿಂಗ್ ಕೈಬಿಟ್ಟು, ಪೈಪುಗಳಿಗೆ ಬಲೆ ಸೇರಿಸಿ ಗುತ್ತಿಗೆಯನ್ನು ನವೀಕರಿಸಿದ್ದೇವೆ. ಉಳಿದ ಹಣದಲ್ಲಿ ಪಕ್ಕದ ಸೈಟಿನ ವಾರದ ತಪಾಸಣೆಯೂ ಆಗುತ್ತದೆಂಬ ಲೆಕ್ಕವನ್ನು ಬಿಲ್ಡರಿಗೆ ಕಳುಹಿಸಿದ್ದೇವೆ; ಅವರ ಒಪ್ಪಿಗೆ ಇನ್ನೂ ಬರಬೇಕಿದೆ.