ಹೊಸಬರ ಗಿಡದ ಟ್ಯಾಂಕ್‌ಗೆ ಅಕ್ವಾ ಸಾಯಿಲ್: ಕೊಟ್ಟ ದುಡ್ಡಿಗೆ ಮೋಸವಿಲ್ಲ

ಕಾರವಾರದಲ್ಲಿ ಗಿಡದ ಅಕ್ವೇರಿಯಂ ಶುರು ಮಾಡೋರು ಮೊದಲು ಕೇಳೋದೇ ಇದು: ಬೀಚ್‌ನಲ್ಲಿ ಅಷ್ಟೊಂದು ಮರಳಿರುವಾಗ ದುಡ್ಡು ಕೊಟ್ಟು ಮಣ್ಣು ಯಾಕೆ ತರಬೇಕು? ದಯವಿಟ್ಟು ಆ ಮರಳು ಬೇಡ. ಅದರಲ್ಲಿ ಚಿಪ್ಪಿನ ಪುಡಿ ಸೇರಿರುತ್ತದೆ. ಒಂದು ಚಮಚ ಮರಳಿಗೆ ವಿನೆಗರ್ ಹಾಕಿ ನೋಡಿ, ಬುಸ್ಸಂತ ಗುಳ್ಳೆ ಎದ್ದರೆ ಸುಣ್ಣದ ಅಂಶ ಇದೆ ಅಂತಲೇ ಲೆಕ್ಕ, ಟ್ಯಾಂಕ್‌ಗೆ ಹಾಕಿದರೆ ನೀರು ಗಡಸಾಗಿ ಪಿಎಚ್ ಏರುತ್ತದೆ.

ನಾನು ಇಲ್ಲಿನ ಅಂಗಡಿಯಿಂದ ತಂದಿದ್ದು ಅಕ್ವಾ ಸಾಯಿಲ್. ಸುಟ್ಟ ಮಣ್ಣಿನ ಕಪ್ಪು ಕಾಳು, ಸಾಬಕ್ಕಿ ಗಾತ್ರದ್ದು. ತೊಳೆಯಬೇಡಿ, ಒಡೆದು ಕೆಸರಾಗುತ್ತದೆ. ಮುಂದೆ 2 ಇಂಚು, ಹಿಂದೆ 3 ಇಂಚು ಹಾಕಿ. ಕ್ರಿಪ್ಟೋಕೊರೈನ್ ಅನ್ನೋ ನೀರಿನ ಗಿಡ ಹಳೆ ಎಲೆ ಉದುರಿಸಿದರೂ ಕೀಳಬೇಡಿ, ಬೇರು ಹಿಡಿದ ಮೇಲೆ ಹೊಸ ಎಲೆ ಬರುತ್ತದೆ. ಅದನ್ನು ನೋಡೋಕೆ ನಿಜಕ್ಕೂ ಖುಷಿ.

ತಕರಾರು ಒಂದೇ. ಈ ಮಣ್ಣು ಶುರುವಿನ ವಾರಗಳಲ್ಲಿ ಮೀನಿಗೆ ವಿಷವಾಗುವ ಅಮೋನಿಯ ಬಿಡುತ್ತದೆ, ಅಂಗಡಿಯವರು ಅದನ್ನು ಹೇಳಲೇ ಇಲ್ಲ, ಮೀನನ್ನೂ ಅವತ್ತೇ ಒಯ್ಯಿರಿ ಅಂದರು! ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ಅದರಿಂದಲೇ ಆಗುವ ನೈಟ್ರೈಟ್ ಎರಡೂ 0 ಬರುವ ತನಕ ಮೀನು ಬಿಡದೆ, ನೀರು ಬದಲಿಸುತ್ತಾ ಕಾಯಿರಿ.

ಲಿಕ್ವಿಡ್ ಗೊಬ್ಬರವೂ ಚೆನ್ನಾಗಿದೆ, ಆದರೆ ಮೊದಮೊದಲು ಬಾಟಲಿ ಮೇಲಿನ ಅಳತೆಯ ಅರ್ಧ ಸಾಕು. ಗಿಡ ಕಡಿಮೆ, ಲೈಟ್ ಜಾಸ್ತಿ ಇದ್ದರೆ ಪಾಚಿಯೇ ಬೆಳೆಯೋದು, ಅಲ್ವಾ? ಬರೀ ಜಾವಾ ಫರ್ನ್, ಅನುಬಿಯಾಸ್ ಬೆಳೆಸೋರು ಈ ಮಣ್ಣಿಗೆ ಸುಮ್ನೆ ಖರ್ಚು ಮಾಡಬೇಡಿ. ಅವನ್ನು ಕಲ್ಲಿಗೋ ಕಟ್ಟಿಗೆಗೋ ಕಟ್ಟಿದರಾಯಿತು.