ಅಪ್ಪನ ಕಟಿಂಗ್‌ಗಳಿಗೆ ರಟ್ಟು ಹಾಕಿಸಿದೆ: ಹೊಲಿಗೆ ಚೆನ್ನ, ಕತ್ತರಿ ಜೋರು

ಶಿವಮೊಗ್ಗದಲ್ಲಿ ಈಗಲೂ ಕೈಯಲ್ಲೇ ಹೊಲಿದು ಬೈಂಡ್ ಮಾಡಿಕೊಡುವವರು ಯಾರಾದರೂ ಇದ್ದಾರಾ ಎಂದು ಮೂರು ಜನರನ್ನು ಕೇಳಿದೆ. ಇಬ್ಬರು "ಸ್ಪೈರಲ್ ಹಾಕಿಸಿ, ಸಾಕು" ಎಂದರು. ಮೂರನೆಯವರು ತೋರಿಸಿದ ಅಂಗಡಿಯ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಒಂದು ದೂರೂ ಇದೆ. ಹಾಗಾಗಿ ಅಂಗಡಿಯ ಹೆಸರು ಬೇಡ.

ನಾನು ಕೊಟ್ಟಿದ್ದು ಅಪ್ಪ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದ ಪೇಪರ್ ಕಟಿಂಗ್‌ಗಳನ್ನು. ಎಲ್ಲವೂ ಒಬ್ಬರ ಬಗ್ಗೆಯೇ, ಶಾಂತವೇರಿ ಗೋಪಾಲಗೌಡರ ಬಗ್ಗೆ. ಅಪ್ಪ ಹೊಸನಗರದ ಕಡೆಯ ಗೇಣಿದಾರರ ಮಗ. 1952ರಲ್ಲಿ ಗೌಡರು ಸಮಾಜವಾದಿ ಪಕ್ಷದಿಂದ ಸಾಗರ-ಹೊಸನಗರಕ್ಕೆ ನಿಂತಾಗ ಅಪ್ಪನಿಗಿನ್ನೂ ವೋಟಿನ ವಯಸ್ಸಾಗಿರಲಿಲ್ಲ. ಒಂದು ವೋಟು, ಒಂದು ನೋಟು ಎಂದು ಕೇಳಿಕೊಂಡು ಬಂದವರಿಗೆ ಅಜ್ಜ ಎರಡನ್ನೂ ಕೊಟ್ಟರಂತೆ. "ನೋಟು ಕೊಟ್ಟಿದ್ದು ನಾವು ಕಣೇ, ಅವರಲ್ಲ" ಎಂದು ಪ್ರತಿ ಚುನಾವಣೆಗೂ ಅಪ್ಪ ಹೇಳಿ ನಗುತ್ತಿದ್ದರು.

ಅಂಗಡಿಯಲ್ಲಿ ಇಬ್ಬರಿದ್ದಾರೆ. ವಯಸ್ಸಾದ ಯಜಮಾನರು, ಮತ್ತೆ ಅವರ ಮೊಮ್ಮಗ. ಬೆನ್ನಿನ ಮೇಲೆ ಏನು ಬರೆಯಬೇಕೆಂದು ಹುಡುಗ ಕೇಳಿದ. ಹೇಳಿದೆ. "ಓ, ಗೋಪಾಲಗೌಡ ಬಡಾವಣೆಯವರಾ ಟೀಚರ್?" ಎಂದ. ದಿನಾ ಆ ಬಡಾವಣೆಗೆ ಹೋಗಿ ಬರುವ ಹುಡುಗ. ಆ ಹೆಸರಿನ ಮನುಷ್ಯ ಒಬ್ಬರಿದ್ದರು ಅನ್ನೋದು ಅವನಿಗೆ ಹೊಳೆದೇ ಇಲ್ಲ. ಬೈಯಲು ಮನಸ್ಸು ಬರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವಳು ನಾನೇ ಅಲ್ವಾ?

ಯಜಮಾನರ ಕೆಲಸಕ್ಕೆ ಮಾತ್ರ ಪೂರ್ತಿ ಅಂಕ. ಕಟಿಂಗ್‌ಗಳನ್ನು ದಪ್ಪ ಲೆಡ್ಜರ್ ಹಾಳೆಗೆ ಅಂಟಿಸಿದ್ದಾರೆ. ಅಂಟು ಮೈದಾದ್ದು, ಹುಳ ಬೀಳದ ಹಾಗೆ ಚಿಟಿಕೆ ಮೈಲುತುತ್ತ ಸೇರಿಸಿ ಕುದಿಸಿದ್ದು. ಅಡಿಕೆ ಕೊಳೆಗೆ ಹೊಡೆಯುವ ಔಷಧಿಗೆ ಹಾಕುತ್ತೇವಲ್ಲ, ಅದೇ ಮೈಲುತುತ್ತ. ಅಂಟಿಸಿದ ಹಾಳೆ ಉಬ್ಬಿ ಪುಸ್ತಕ ಬಾಯಿ ಬಿಡುತ್ತದೆಂದು ಬುಡದಲ್ಲಿ ಕಾಗದದ ಪಟ್ಟಿಗಳನ್ನು ಕೂಡಿಸಿ ಹೊಲಿದಿದ್ದಾರೆ. ಬೆನ್ನಿಗೆ ಕ್ಯಾಲಿಕೋ ಬಟ್ಟೆ. ಪುಸ್ತಕ ಮೇಜಿನ ಮೇಲೆ ಸಪಾಟಾಗಿ ತೆರೆದುಕೊಳ್ಳುತ್ತದೆ.

ಜೋಡಿಸುವಾಗ ಅವರು ಓದುತ್ತಲೂ ಇದ್ದರು, ಅದಕ್ಕೇ ಹತ್ತು ದಿನ ತಡವಾಯಿತು. ಮೊದಲ ಹಾಳೆಗಳು 1951ರ ಕಾಗೋಡು ಸತ್ಯಾಗ್ರಹದವು. ಅದನ್ನು ನೆನೆದು ಆಮೇಲೆ ಬಂದ ಲೇಖನಗಳು. ಹುಡುಗ "ಕೊಳಗ ಅಂದರೆ?" ಎಂದ. ಯಜಮಾನರು ಕೈಯಲ್ಲೇ ಅಳತೆ ತೋರಿಸಿದರು. ಗೇಣಿ ಅಳೆದುಕೊಳ್ಳುವ ಕೊಳಗ ಲೆಕ್ಕಕ್ಕಿಂತ ದೊಡ್ಡದು ಅನ್ನೋದೇ ಗೇಣಿದಾರರ ದೂರು. ಕಾಗೋಡಿನ ದೀವರ ಸಮುದಾಯದ ಗೇಣಿದಾರರು ಅದಕ್ಕೆ ಎದುರು ನಿಂತರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಜೊತೆಗಿತ್ತು, ಗೌಡರೂ ಇಳಿದರು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದರ ಮರುವರ್ಷವೇ ಗೌಡರು ಶಾಸಕರು. ಆಗಿನ್ನೂ 29 ತುಂಬಿರಲಿಲ್ಲ, ಅಥವಾ ಆಗಷ್ಟೇ ತುಂಬಿತ್ತು.

ಐವತ್ತೇಳರ ನಂತರದ ಹಾಳೆಗಳು ತೆಳ್ಳಗಿವೆ. "ಮೇಡಂ, ಇಲ್ಲಿ ಏನಾದರೂ ಮನೆಯಲ್ಲೇ ಬಿಟ್ಟು ಬಂದಿರಾ?" ಎಂದು ಯಜಮಾನರು ಫೋನ್ ಮಾಡಿದರು. ಇಲ್ಲ, ಆ ಐದು ವರ್ಷ ಗೌಡರು ವಿಧಾನಸಭೆಯಲ್ಲಿ ಇರಲಿಲ್ಲ. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಬಂದರು, 1967ರಲ್ಲಿ ಮತ್ತೊಮ್ಮೆ. ಅಲ್ಲಿಂದ ಪುಸ್ತಕ ದಪ್ಪವಾಗುತ್ತದೆ.

ಈಗ ದೂರು. ಅಪ್ಪ ಪ್ರತಿ ಕಟಿಂಗ್‌ನ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ತಾರೀಖು ಬರೆದಿದ್ದರು. ಕೊನೆಯಲ್ಲಿ ಅಂಚು ಸಮ ಮಾಡಲು ಹುಡುಗ ಮೂರೂ ಕಡೆ ಮಷೀನಿಗೆ ಕೊಟ್ಟಿದ್ದಾನೆ. ಹನ್ನೊಂದು ತಾರೀಖು ಹೋಯಿತು. ಗೌಡರು ತೀರಿಕೊಂಡ ಸುದ್ದಿಯ ಪಕ್ಕದಲ್ಲಿ ಈಗ "ಜೂನ್ 1972" ಮಾತ್ರ ಉಳಿದಿದೆ. ಮುಂದಿದ್ದ 9 ಇಲ್ಲ. ನಲವತ್ತೊಂಬತ್ತಕ್ಕೇ ಹೋದ ಮನುಷ್ಯನ ಕೊನೆಯ ದಿನವನ್ನು ಮಷೀನು ತಿಂದಿತು. ನನಗೆ ಸಿಟ್ಟೇ ಬಂತು, ಅಂಗಡಿಯಲ್ಲಿ ಸ್ವಲ್ಪ ಜಾಸ್ತಿಯೇ ಕೂಗಾಡಿದೆ.

ಯಜಮಾನರು ವಾದ ಮಾಡಲಿಲ್ಲ. ರದ್ದಿ ಚೀಲ ಸುರಿದು ಇಬ್ಬರೂ ಕೂತು ಹುಡುಕಿದರು. ನೀಲಿ ಶಾಯಿಯ ನಾಲ್ಕು ಪಟ್ಟಿ ಸಿಕ್ಕವು. ಹಿಂದಿನ ರಟ್ಟಿನ ಒಳಗೆ ಒಂದು ಪಾಕೆಟ್ ಅಂಟಿಸಿ ಅದರಲ್ಲಿ ಹಾಕಿಕೊಟ್ಟರು. 480 ರೂಪಾಯಿಯಲ್ಲಿ ನೂರು ಬಿಟ್ಟರು. ಅದು ಬೇಡ ಎಂದೆ, ಕೇಳಲಿಲ್ಲ.

ಕೊನೆಯ ಹಾಳೆಗಳು ಗೌಡರು ನೋಡದ ಸುದ್ದಿಗಳು. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕವಾಯಿತು. ಸದನದಲ್ಲಿ ಅವರು ಕೇಳುತ್ತಾ ಬಂದಿದ್ದೇ ಅದನ್ನು. ಮರುವರ್ಷ ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ ಕಾಯ್ದೆ. ಗೇಣಿ ಜಮೀನು ತಮ್ಮ ಹೆಸರಿಗೆ ಬರಲಿ ಎಂದು ಅಜ್ಜ ಡಿಕ್ಲರೇಷನ್ ಹಾಕಿದ್ದರ ರಶೀದಿಯನ್ನೂ ಅಪ್ಪ ಇದೇ ಡಬ್ಬಿಯಲ್ಲಿ ಇಟ್ಟಿದ್ದರು. ಅದೂ ಸೇರಿಕೊಂಡಿದೆ. ಯಜಮಾನರು ಅದನ್ನು ಅಂಟಿಸದೆ, ನಾಲ್ಕು ಮೂಲೆಗೆ ಕಾಗದದ ಕಿವಿ ಮಾಡಿ ಸಿಕ್ಕಿಸಿದ್ದಾರೆ. "ದಾಖಲೆ ಮೇಡಂ, ಎಲ್ಲಾದರೂ ಬೇಕಾದರೆ ತೆಗೆಯಬಹುದು" ಎಂದರು.

ನೀವು ಹೋಗುವುದಾದರೆ ಹಳೇ ಕಾಗದ ಧೈರ್ಯವಾಗಿ ಕೊಡಿ. ಅವಸರವಿದ್ದರೆ ಬೇಡ. ಅಂಚು ಕತ್ತರಿಸಬಾರದು ಎಂದು ಬಾಯಲ್ಲಿ ಹೇಳಿದರೆ ಸಾಲದು, ದೊಡ್ಡಕ್ಷರದಲ್ಲಿ ಚೀಟಿ ಬರೆದು ಮೇಲೆ ಪಿನ್ ಮಾಡಿ. 9 ಅನ್ನು ನಾನೇ ಬರೆದೆ. ಅಪ್ಪನದರಷ್ಟು ನೀಲಿ ಶಾಯಿ ಸಿಗಲಿಲ್ಲ, ಪೆನ್ಸಿಲಿನಲ್ಲಿದೆ.