ಮನೆಯೊಳಗಿನ ಸೊಪ್ಪಿಗೆ ಸೋಡಿಯಂ ದೀಪವೋ, ಎಲ್‌ಇಡಿಯೋ?

ಬಿಸಿಲಿನ ಬದಲು ದೀಪದ ಬೆಳಕಲ್ಲಿ ಮನೆಯೊಳಗೆ ಸೊಪ್ಪು ಬೆಳೆಯುವವರು, ಆಗಾಗ ಕರೆಂಟು ಕೈಕೊಡುವ ಊರಾದರೆ ಎಲ್‌ಇಡಿ ಬೋರ್ಡನ್ನೇ ಕೊಳ್ಳಿ. ಲೆಟಿಸ್, ಬೇಸಿಲ್, ಪಾಲಕ್ ಇಟ್ಟ ಮೂರಡಿ ಚೌಕದ ಜಾಗಕ್ಕೆ 250 ವ್ಯಾಟ್ ಸೋಡಿಯಂ (ಹಳದಿ ಬೀದಿದೀಪದ ಜಾತಿ), ಅಷ್ಟೇ ವ್ಯಾಟಿನ ಮೆಟಲ್ ಹಾಲೈಡ್ (ಅದೇ ಬಗೆಯ, ಬಿಳಿ ಬೆಳಕಿನ ದೀಪ), 120 ವ್ಯಾಟ್ ಎಲ್‌ಇಡಿ, ಮೂರನ್ನೂ ತೂಗುಹಾಕಿ ನೋಡಿ ಹೇಳುತ್ತಿರುವ ಮಾತಿದು.

ಬೆಳಕು ಸುರಿಯುವುದರಲ್ಲಿ ಸೋಡಿಯಂಗೆ ಕೊರತೆಯಿಲ್ಲ. ಅದು ಕಾಡುವುದು ಕರೆಂಟು ಹೋಗಿ ಬಂದಾಗ. ಉರಿಯುತ್ತಿದ್ದ ಬಲ್ಬಿನ ಒಳನಳಿಗೆಯಲ್ಲಿ ಆವಿಯ ಒತ್ತಡ ಏರಿರುತ್ತದೆ. ದೀಪ ಹೊತ್ತಿಸುವ ಇಗ್ನೈಟರ್ ಕೊಡುವ ಕೆಲವು ಸಾವಿರ ವೋಲ್ಟಿನ ಹೊಡೆತಕ್ಕೂ ಅದು ಹೊತ್ತಿಕೊಳ್ಳುವುದಿಲ್ಲ. ಅರೆಕ್ಷಣ ಕರೆಂಟು ಮಿಣುಕಿದರೂ ಸಾಕು, ದೀಪ ಆರುತ್ತದೆ. ಆಮೇಲೆ ಸೋಡಿಯಂ ತಣಿಯಲು ಒಂದೆರಡು ನಿಮಿಷ, ಮೆಟಲ್ ಹಾಲೈಡ್‌ಗೆ ಹತ್ತು ನಿಮಿಷವೋ ಇನ್ನೂ ಹೆಚ್ಚೋ. ಹೊತ್ತಿದ ಮೇಲೆ ಪೂರ್ತಿ ಬೆಳಕಿಗೆ ಇನ್ನೂ ನಾಲ್ಕೈದು ನಿಮಿಷ. ಮನೆಯ ಇನ್ವರ್ಟರ್ ಇದ್ದರೂ ಪ್ರಯೋಜನವಿಲ್ಲ: ಅದು ಬದಲಾಗುವ ಆ ಸಣ್ಣ ಅಂತರದಲ್ಲೇ ದೀಪ ಆರಿರುತ್ತದೆ. ಚೌಕಾಕಾರದ ಅಲೆಯ ಕರೆಂಟು ಕೊಡುವ ಸ್ಕ್ವೇರ್ ವೇವ್ ಇನ್ವರ್ಟರ್ ಆದರಂತೂ, ದೀಪಕ್ಕೆ ಹೋಗುವ ಕರೆಂಟನ್ನು ಹದದಲ್ಲಿಡುವ ತಾಮ್ರದ ಚೋಕು ಗುಂಯ್‌ಗುಟ್ಟುತ್ತಾ ಬಿಸಿಯೇರುತ್ತದೆ.

ಇದರ ಜೊತೆಗೆ ಇನ್ನೊಂದು ಗೊಂದಲ. ಹಳೆಯದಾದ ಸೋಡಿಯಂ ಬಲ್ಬು ತಾನಾಗಿಯೇ ಆರಿ, ತಣಿದು, ಮತ್ತೆ ಹೊತ್ತಿಕೊಳ್ಳುತ್ತಿರುತ್ತದೆ. ತಪ್ಪು ಕರೆಂಟಿನದೋ ಬಲ್ಬಿನದೋ ತಿಳಿಯಲು ಅದೇ ಪ್ಲಗ್ ಪಾಯಿಂಟಿಗೆ ಒಂದು ಸಾದಾ ಬಲ್ಬು ಸಿಕ್ಕಿಸಿ. ಅದು ಮಿಣುಕದೆ ಸೋಡಿಯಂ ಮಾತ್ರ ಆರುತ್ತಿದ್ದರೆ ಮೊದಲು ಬಲ್ಬು ಬದಲಿಸಿ, ಚೋಕು ಬಿಚ್ಚಲು ಹೋಗಬೇಡಿ.

ಎಲ್‌ಇಡಿ ಕರೆಂಟು ಬಂದ ಕ್ಷಣದಲ್ಲೇ ಬೆಳಗುತ್ತದೆ. ದೀಪ ಹಚ್ಚಿ ಆರಿಸುವ ಟೈಮರ್ ಮಾತ್ರ ಒಳಗೆ ಬ್ಯಾಟರಿ ಇರುವಂಥದ್ದಾಗಲಿ. ಹಲ್ಲು ಒತ್ತುವ ಮೆಕ್ಯಾನಿಕಲ್ ಟೈಮರ್ ಪ್ರತಿ ಕಡಿತಕ್ಕೂ ಅಷ್ಟಷ್ಟು ಹಿಂದೆ ಬೀಳುತ್ತದೆ.

ಖರ್ಚಿನ ಲೆಕ್ಕ: ಚೋಕು ಸೇರಿ ಸೋಡಿಯಂ ಸುಮಾರು 275 ವ್ಯಾಟ್ ಎಳೆಯುತ್ತದೆ. ದಿನಕ್ಕೆ 14 ಗಂಟೆ ಉರಿದರೆ 3.85 ಯೂನಿಟ್, ಎಲ್‌ಇಡಿಗೆ 1.68. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ 390 ರೂಪಾಯಿ ಉಳಿತಾಯ. ಎಲ್‌ಇಡಿ ಕೊಳ್ಳುವಾಗ ಡಬ್ಬಿಯ ಮೇಲಿನ ‘1000 ವ್ಯಾಟ್’ ನಂಬಬೇಡಿ, ಪ್ಲಗ್ ಮೀಟರಿಗೆ ಹಾಕಿ ನಿಜವಾಗಿ ಎಷ್ಟು ಎಳೆಯುತ್ತದೆ ನೋಡಿ.

ಮೆಟಲ್ ಹಾಲೈಡ್‌ನ ಹೊರಗಾಜು ಒಡೆದರೂ ಒಳನಳಿಗೆ ಉರಿಯುತ್ತಲೇ ಇದ್ದು, ಕಣ್ಣು ಚರ್ಮ ಸುಡುವ ನೇರಳಾತೀತ ಕಿರಣ ಹೊರಬೀಳಬಹುದು. ಮಕ್ಕಳು ಓಡಾಡುವ ಮನೆಗೆ ಅದು ಬೇಡವೇ ಬೇಡ.

ಎಲ್‌ಇಡಿಯ ಕೆಳಗೆ ಎಲೆ ತಂಪಾಗಿರುವುದರಿಂದ ಗಿಡ ನೀರೆಳೆಯುವುದು ಕಡಿಮೆ, ಕ್ಯಾಲ್ಸಿಯಂ ಎಳೆಯ ಎಲೆಯ ತುದಿ ಮುಟ್ಟುವುದೂ ಕಡಿಮೆ. ಇದರಿಂದ ಲೆಟಿಸ್ ಸುಳಿ ಕಪ್ಪಾದರೆ ಗೊಬ್ಬರ ಹೆಚ್ಚಿಸುವ ಮೊದಲು ಒಂದು ಸಣ್ಣ ಫ್ಯಾನ್ ಇಟ್ಟು ಸುಳಿಗೆ ಗಾಳಿಯಾಡಿಸಿ. ದೀಪ ಎಲೆಯಿಂದ 35 ಸೆಂಟಿಮೀಟರ್ ಮೇಲಿರಲಿ.

ಸೋಡಿಯಂ ಒಪ್ಪುವುದು ಒಂದೇ ಕಡೆ: ಮಡಿಕೇರಿಯಂಥ ಊರಿನ ಮಳೆಗಾಲದಲ್ಲಿ, ಕರೆಂಟು ಕೈಕೊಡದ ಮನೆಯಲ್ಲಿ. ಅಲ್ಲಿ ಅದರ ಬಿಸಿ ಥಂಡಿ ಕೋಣೆಯನ್ನು ಬೆಚ್ಚಗಿಡುತ್ತದೆ.